ನಾನು ಸತ್ತ ಊರಿನಲ್ಲಿ ಹತ್ತು ದಿನದ ರಜೆ

ಓಹ್ರಿದ್, ಮ್ಯಾಸಿಡೋನಿಯಾ
ಶನಿವಾರ, ಜೂನ್ ೧೪, ೨೦೦೩

ಪ್ರೀತಿಯ ಅಲೆಂಕಾ,

ಮೊದಲು ಎಲ್ಲಾದರೂ ಕುಳಿತುಕೋ. ಲಾಂಡ್ರಿಯಲ್ಲಿ ಇಸ್ತ್ರಿ ಯಂತ್ರದ ಪಕ್ಕ ನಿಂತು ಇದನ್ನು ಓದಬೇಡ, ಕೈ ಸುಟ್ಟುಕೊಳ್ಳುತ್ತೀಯ. ಮನೆಗೆ ಹೋಗಿ, ಮಂಡಿಯ ಕೆಳಗೆ ದಿಂಬು ಇಟ್ಟುಕೊಂಡು, ಆಮೇಲೆ ಮುಂದೆ ಓದು.

ನಿನಗಿಂತ ಹತ್ತು ದಿನ ಮುಂಚೆ ಹೋಗಿ ಕೋಣೆ, ಬಸ್ಸು, ಊಟ ಮೂರನ್ನೂ ನೋಡಿ ಬರೆಯುತ್ತೇನೆಂದು ಮಾತು ಕೊಟ್ಟು ಬಂದಿದ್ದೆ. ಬರೆಯುತ್ತೇನೆ, ಮಾತು ತಪ್ಪುವುದಿಲ್ಲ. ಆದರೆ ಅದಕ್ಕೂ ಮುಂಚೆ ಇನ್ನೊಂದು ಸಂಗತಿ ಇದೆ. ನಾನು ಸತ್ತು ಏಳು ವರ್ಷವಾಯಿತಂತೆ. ತಮಾಷೆಯಲ್ಲ ಮಾರಾಯ್ತಿ. ಇಡೀ ಊರಿಗೆ ಗೊತ್ತು, ಗೊತ್ತಿಲ್ಲದವಳು ನಾನೊಬ್ಬಳೇ. ಗುರುವಾರ ಇಲ್ಲಿ ಇಳಿದ ದಿನವೇ ತಿಳಿಯಿತು. ಕಾಗದವನ್ನು ತೊಡೆಯ ಮೇಲಿಟ್ಟು ಬರೆಯುತ್ತಿದ್ದೇನೆ. ಅಕ್ಷರ ಸೊಟ್ಟಗಿದ್ದರೆ ಬೈಯಬೇಡ.

ನೀನು ಯಾವುದನ್ನೂ ಮಧ್ಯದಿಂದ ಕೇಳುವವಳಲ್ಲ. ಮೊದಲಿನಿಂದ ಹೇಳುತ್ತೇನೆ.

ಬಸ್ಸು ನಾವು ಅಂದುಕೊಂಡದ್ದಕ್ಕಿಂತ ವಾಸಿ. ಬೆಲ್‌ಗ್ರೇಡ್‌ನಲ್ಲಿ ಒಂದು ಗಂಟೆ ನಿಲ್ಲುತ್ತದೆ, ಅಲ್ಲಿನ ಶೌಚಾಲಯಕ್ಕೆ ಹೋಗಬೇಡ, ಮುಂದಿನ ಪೆಟ್ರೋಲ್ ಬಂಕಿನವರೆಗೆ ತಡೆದುಕೋ. ಸ್ಕೋಪ್ಯೆಯಲ್ಲಿ ಬಸ್ಸು ಬದಲಿಸಬೇಕು. ಓಹ್ರಿದ್ ನಿಲ್ದಾಣದಲ್ಲಿ ಇಳಿದ ಕೂಡಲೇ ರಟ್ಟಿನ ಹಲಗೆ ಹಿಡಿದ ಹೆಂಗಸರು ಮುತ್ತಿಕೊಳ್ಳುತ್ತಾರೆ. ಬೇಸಿಗೆಯಲ್ಲಿ ಈ ಊರಿನವರೆಲ್ಲ ತಮ್ಮ ಮಂಚಗಳನ್ನು ಪ್ರವಾಸಿಗಳಿಗೆ ಬಾಡಿಗೆಗೆ ಬಿಟ್ಟು ತಾವು ಕೆಳಗಿನ ಅಡುಗೆಮನೆಯಲ್ಲಿ ಚಾಪೆ ಹಾಸಿಕೊಳ್ಳುತ್ತಾರೆ. ನಾನು ಹುಟ್ಟಿ ಬೆಳೆದದ್ದೂ ಹಾಗೆಯೇ. ಅವರಲ್ಲಿ ಎಲ್ಲರಿಗಿಂತ ಮುದುಕಿಯೊಬ್ಬಳು ನನ್ನ ಚೀಲವನ್ನು ಕಿತ್ತುಕೊಂಡು ಆಗಲೇ ನಡೆಯತೊಡಗಿದ್ದಳು. ಹೆಸರು ಬಿಸೆರಾ. “ಕೆರೆ ಕಾಣುತ್ತೆ, ಬಿಸಿನೀರು ಬರುತ್ತೆ, ನಾಯಿ ಇಲ್ಲ, ಗಂಡನೂ ಇಲ್ಲ, ಇನ್ನೇನು ಬೇಕು ನಿಂಗೆ?” ಎಂದಳು. ಹಾಸಿಗೆಗೆ ಮುನ್ನೂರು ದೆನಾರ್. ಪೊಲೀಸರ ಪುಸ್ತಕದಲ್ಲಿ ಬರೆಸುವುದಿಲ್ಲ, ಆದ್ದರಿಂದ ಪಾಸ್‌ಪೋರ್ಟ್ ಕೇಳುವುದಿಲ್ಲ. ನನಗೆ ಬೇಕಾದದ್ದೂ ಅದೇ.

ಹೊರಗಿನವಳಂತೆ ಸ್ಲೊವೇನಿಯನ್ ಭಾಷೆಯಲ್ಲೇ ಇದ್ದುಬಿಡಬೇಕೆಂದು ನಿರ್ಧರಿಸಿಕೊಂಡಿದ್ದೆ. ಅವಳ ಮನೆಯ ಮೆಟ್ಟಿಲಿಗೆ ಕಾಲು ಎಡವಿತು, ನಮ್ಮ ಭಾಷೆಯಲ್ಲೇ ಬೈದುಬಿಟ್ಟೆ. ಮುದುಕಿ ತಿರುಗಿ ನೋಡಿ ನಕ್ಕಳು. “ಓಹೋ! ನಮ್ಮವಳೇ! ಯಾರ ಮನೆ ಮಗಳು ನೀನು?” ಈ ಊರಿನಲ್ಲಿ ಹೆಸರು ಕೇಳುವುದಕ್ಕಿಂತ ಮೊದಲು ಇದನ್ನೇ ಕೇಳುತ್ತಾರೆ, ಉತ್ತರ ಕೊಡದೆ ಯಾರೂ ಪಾರಾಗಿಲ್ಲ. ತಗಡಿನ ಕೆಲಸದ ನಾವುಮೆಗೆ ದೂರದ ಸಂಬಂಧ, ಪಕ್ಕದ ಊರಾದ ಸ್ತ್ರುಗಾ ಕಡೆಯವಳು ಎಂದೆ. ನಾವುಮೆ ನನ್ನ ಅಪ್ಪ. ತೀರಿಕೊಂಡು ಹದಿನೈದು ವರ್ಷವಾಗಿದೆ, ಅವನ ಹೆಸರು ಹೇಳಿದರೆ ಅಪಾಯವಿಲ್ಲ ಎಂದುಕೊಂಡಿದ್ದೆ.

ಬಿಸೆರಾ ಕಾಫಿಯ ಪಾತ್ರೆಯನ್ನು ಒಲೆಯ ಮೇಲೆ ಕುಕ್ಕಿ ಮೂರು ಸಲ ಎದೆಯ ಮೇಲೆ ಶಿಲುಬೆ ಬರೆದುಕೊಂಡಳು. “ಅಯ್ಯೋ, ನಾವುಮೆನಾ! ಪುಣ್ಯಾತ್ಮ ಕಣಮ್ಮ. ಸದ್ಯ, ಮಗಳ ಸಾವು ನೋಡೋಕೆ ಮುಂಚೇನೇ ಕಣ್ಣು ಮುಚ್ಕೊಂಡ.”

ಯಾವ ಮಗಳು ಎಂದು ಕೇಳಿದೆ.

“ಇದ್ದಿದ್ದೇ ಒಬ್ಳಲ್ವಾ? ದಾಫಿನಾ. ಸ್ಲೊವೇನಿಯಾಕ್ಕೆ ದುಡಿಯೋಕೆ ಅಂತ ಹೋದ್ಲು, ಅಲ್ಲಿ ಟ್ರಾಮ್ ಕೆಳಗೆ ಸಿಕ್ಕಿ ಹೋಗ್ಬಿಟ್ಲು. ಹೆಣ ಕೂಡ ತರೋಕಾಗ್ಲಿಲ್ಲ. ಹನ್ನೆರಡು ವರ್ಷದ ಹೆಣ್ಣುಮಗು ಬಿಟ್ಟು ಹೋದ್ಲು, ಪಾಪ.”

ಅಲೆಂಕಾ, ಆಗ ನನ್ನ ಬಾಯಿಂದ ಬಂದ ಮಾತೇನು ಗೊತ್ತೇ? “ಲ್ಯುಬ್ಲಿಯಾನಾದಲ್ಲಿ ಟ್ರಾಮ್ ಇಲ್ಲ” ಎಂದೆ. “ಆವಾಗ ಇತ್ತು ಕಣಮ್ಮ, ನಿಂಗೇನು ಗೊತ್ತು” ಎಂದು ನನಗೇ ಗದರಿದಳು. ಆಮೇಲೆ ನನ್ನ ಸಾವಿನ ನಲವತ್ತನೇ ದಿನದ ತಿಥಿಯ ಊಟವನ್ನು ಬಣ್ಣಿಸಿದಳು. ಇಡೀ ಬೀದಿಗೆ ಊಟ ಹಾಕಿದರಂತೆ. ಹುರುಳಿಕಾಯಿಗೆ ಉಪ್ಪು ಕಡಿಮೆಯಾಗಿತ್ತಂತೆ, ಮೀನು ಮಾತ್ರ ಬಹಳ ಚೆನ್ನಾಗಿತ್ತಂತೆ. ಅವಳ ಎದುರು ಕುಳಿತು ಆ ಕಾಫಿಯನ್ನು ಪೂರ್ತಿ ಕುಡಿದೆ. ಹೇಗೆ ಕುಡಿದೆನೋ ನನಗೇ ತಿಳಿಯದು.

ಇಷ್ಟು ಹೊತ್ತಿಗೆ ನೀನು ಕಾಗದವನ್ನು ಕೆಳಗಿಟ್ಟು ಕಿಟಕಿಯ ಹತ್ತಿರ ಹೋಗಿರುತ್ತೀಯ. ಹೌದು. ಹೆಣ್ಣುಮಗು. ಒಂಬತ್ತು ವರ್ಷ ಒಂದೇ ಮೇಜಿನ ಎರಡು ತುದಿಯಲ್ಲಿ ನಿಂತು ಹೋಟೆಲುಗಳ ದುಪ್ಪಟಿ ಮಡಚಿದ್ದೇವೆ. ನಿನ್ನ ಸಿಸೇರಿಯನ್ ಹೊಲಿಗೆಯಿಂದ ಹಿಡಿದು ನಿನ್ನ ನಾದಿನಿಯ ಸಾಲದವರೆಗೆ ಎಲ್ಲವೂ ನನಗೆ ಗೊತ್ತು. ನನ್ನ ಬಗ್ಗೆ ನಿನಗೆ ಗೊತ್ತಿದ್ದದ್ದು, ಹಿಂದೆ ಮುಂದೆ ಯಾರೂ ಇಲ್ಲ ಎಂಬುದೊಂದೇ. ಅದು ಸುಳ್ಳು. ನನಗೆ ಗಂಡನಿದ್ದ, ಲಾಂಬೆ ಅಂತ, ದೋಣಿ ಕಟ್ಟುವವನು. ಮಗಳು ರುಮೆನಾ. ನಾನು ಹೊರಟಾಗ ಅವಳಿಗೆ ಎಂಟು ವರ್ಷ, ಮುಂದಿನ ಎರಡು ಹಲ್ಲು ಆಗಷ್ಟೇ ಬಂದಿದ್ದವು.

ತೊಂಬತ್ತೆರಡರಲ್ಲಿ ಲಾಂಬೆಯ ಕೆಲಸ ನಿಂತುಹೋಗಿತ್ತು. ಆರು ತಿಂಗಳು ದುಡಿದು ಬರುತ್ತೇನೆಂದು ನಾನು ಹೊರಟೆ. ಆರು ತಿಂಗಳು ವರ್ಷವಾಯಿತು, ವರ್ಷ ಎರಡಾಯಿತು. ಮಗಳನ್ನು ಕಳಿಸು ಎಂದರೆ ಕಳಿಸಲಿಲ್ಲ. ಬರೆದ ಪತ್ರಗಳು ಒಡೆಯದೆಯೇ ಹಿಂದಕ್ಕೆ ಬಂದವು. ಎಷ್ಟು ಸಲ ಎಂದು ಬರೆಯಲಿ? ಕೊನೆಗೆ ಸುಮ್ಮನಾದೆ.

ಇನ್ನೊಂದನ್ನೂ ಒಪ್ಪಿಕೊಂಡುಬಿಡುತ್ತೇನೆ. ಜನವರಿಯಲ್ಲಿ ನಾವಿಬ್ಬರೂ ಬಟ್ಟೆಯ ಚೀಟಿಗಳ ಹಿಂಬದಿಯಲ್ಲಿ ರಜೆಯ ಯೋಜನೆ ಹಾಕತೊಡಗಿದೆವಲ್ಲ, ಕ್ರೊಯೇಷಿಯಾದ ಕಡಲು ನಮ್ಮ ಸಂಬಳಕ್ಕಲ್ಲ ಎಂದು ನೀನು ಗೀಟು ಎಳೆದೆ, ಗ್ರೀಸಿಗೆ ನಾನು ಎಳೆದೆ. ಆಗ ನಾನು ಓಹ್ರಿದ್ ಎಂದೆ. ಇಷ್ಟು ಅಗ್ಗದಲ್ಲಿ ನೀರು, ಬಿಸಿಲು, ಮೀನು ಮೂರೂ ಸಿಗುವ ದೇಶ ಇನ್ನೊಂದಿಲ್ಲ ಎಂದು ನಿನ್ನನ್ನು ಒಪ್ಪಿಸಿದೆ. ಅಗ್ಗವೇನೋ ಹೌದು. ಆದರೆ ನನಗೆ ಬೇಕಾಗಿದ್ದದ್ದು ಬೇರೆ. ಹತ್ತೊಂಬತ್ತು ವರ್ಷದ ನನ್ನ ಮಗಳು ಹೇಗೆ ನಡೆಯುತ್ತಾಳೆ ಎಂದು ದೂರದಿಂದ ಒಮ್ಮೆ ನೋಡಬೇಕಿತ್ತು. ಒಬ್ಬಳೇ ಬರಲು ಧೈರ್ಯವಿರಲಿಲ್ಲ, ನಿನ್ನ ಮಂಡಿನೋವನ್ನೂ ನಿನ್ನ ಜಿಪುಣತನವನ್ನೂ ಮುಂದೆ ಮಾಡಿಕೊಂಡು ಹೊರಟೆ. ಕ್ಷಮಿಸು.

ಶುಕ್ರವಾರ ಬೆಳಿಗ್ಗೆ ಬ್ರೆಡ್ಡು ತರಲು ಹೋದೆ. ಅಂಗಡಿಯ ಪಕ್ಕದ ವಿದ್ಯುತ್ ಕಂಬದಲ್ಲಿ ಎಂದಿನಂತೆ ಸತ್ತವರ ಕಾಗದಗಳು, ಕಪ್ಪು ಅಂಚು, ಫೋಟೋ. ಈ ಊರಿನಲ್ಲಿ ಯಾರಾದರೂ ಹೋದರೆ ಕಂಬ ಕಂಬಕ್ಕೂ ಹೀಗೆ ಅಂಟಿಸುತ್ತಾರೆ, ವರ್ಷ ವರ್ಷವೂ ನೆನಪಿಗೆ ಮತ್ತೆ ಅಂಟಿಸುತ್ತಾರೆ. ಅಭ್ಯಾಸಬಲದಿಂದ ಯಾರು ಹೋದರೋ ಎಂದು ನೋಡಿದೆ. ಎರಡನೆಯ ಸಾಲಿನಲ್ಲಿ ನಾನಿದ್ದೆ. ಮದುವೆಯ ವರ್ಷದ ಫೋಟೋ. “ಅಮ್ಮಾ, ನೀನಿಲ್ಲದೆ ಏಳು ವರ್ಷ” ಎಂದಿತ್ತು. ಕೆಳಗೆ ಲಾಂಬೆಯ ಹೆಸರಿರಲಿಲ್ಲ, ರುಮೆನಾಳದೊಂದೇ ಹೆಸರು. ನನ್ನ ಹಿಂದೆ ಸರದಿಯಲ್ಲಿ ನಿಂತಿದ್ದವಳು “ಎಷ್ಟು ಚಿಕ್ಕ ವಯಸ್ಸು ನೋಡಿ” ಎಂದು ಲೊಚಗುಟ್ಟಿದಳು. ನಾನು ಓಡಿ ಬಂದೆ. ಬ್ರೆಡ್ಡು ಕೊಳ್ಳಲೂ ಇಲ್ಲ.

ಸಿಟ್ಟು ಬರಲಿಲ್ಲವೇ ಎನ್ನುತ್ತೀಯ. ಬಂತು. ಜೀವಂತ ಹೆಂಡತಿಯನ್ನು ಕಂಬಕ್ಕೆ ಅಂಟಿಸಿದವನ ಕುತ್ತಿಗೆ ಹಿಸುಕಬೇಕು ಅನ್ನಿಸಿತು. ಎಲ್ಲಿ ಹಿಸುಕಲಿ? ಅವನು ನಾಲ್ಕು ವರ್ಷದ ಹಿಂದೆಯೇ ಇನ್ನೊಂದು ಮದುವೆಯಾಗಿ ಬಿತೋಲಾಕ್ಕೆ ಹೋಗಿದ್ದಾನೆಂದು ಬಿಸೆರಾ ಹೇಳಿದಳು. ಹೆಂಡತಿ ಓಡಿಹೋದವನಿಗೆ ಹೆಣ್ಣು ಸಿಗುವುದಿಲ್ಲ, ಹೆಂಡತಿ ಸತ್ತವನಿಗೆ ಸಿಗುತ್ತದೆ, ಅಷ್ಟಕ್ಕೇ ನನ್ನನ್ನು ಸಾಯಿಸಿದ ಎಂದು ಲೆಕ್ಕ ಹಾಕಿದೆ. ನನ್ನ ಅತ್ತೆ ಕಳೆದ ಚಳಿಗಾಲದಲ್ಲಿ ತೀರಿಕೊಂಡರಂತೆ. ಆ ಮನೆಯಲ್ಲಿ ಈಗ ರುಮೆನಾ ಒಬ್ಬಳೇ ಇದ್ದಾಳೆ.

ಇವತ್ತು ಶನಿವಾರ, ಸತ್ತವರ ಶನಿವಾರ. ಊರಿಗೆ ಊರೇ ಊಟ ಕಟ್ಟಿಕೊಂಡು ಸ್ಮಶಾನಕ್ಕೆ ಹೋಗುವ ದಿನ. ನಮ್ಮ ಅಮ್ಮನ ಸಮಾಧಿಗೆ ಒಂದು ಮೇಣದ ಬತ್ತಿ ಹಚ್ಚೋಣ, ಯಾರು ಗುರುತು ಹಿಡಿಯುತ್ತಾರೆ ಎಂದು ತಲೆಗೆ ಬಟ್ಟೆ ಕಟ್ಟಿಕೊಂಡು ಹೋದೆ. ಹೋಗಿ ನೋಡಿದರೆ ಅಮ್ಮನ ಕಲ್ಲಿನ ಮೇಲೆ, ಅಮ್ಮನ ಹೆಸರಿನ ಕೆಳಗೆ, ನನ್ನ ಹೆಸರು ಕೆತ್ತಿದೆ. ಅದೇ ಮದುವೆಯ ಫೋಟೋ, ಗಾಜು ಹಾಕಿ ಕೂರಿಸಿದ್ದಾರೆ. ಹುಟ್ಟಿದ ವರ್ಷ, ಸತ್ತ ವರ್ಷ. ಪಕ್ಕದ ಸಮಾಧಿಯ ಕಟ್ಟೆ ಹಿಡಿದುಕೊಂಡು ನಿಂತೆ.

ಕಲ್ಲಿನ ಮುಂದೆ ಒಬ್ಬಳು ಹುಡುಗಿ ಮಂಡಿಯೂರಿ ಬಿಳಿ ಬಟ್ಟೆ ಹಾಸುತ್ತಿದ್ದಳು. ಚೆರ್ರಿ ಹಣ್ಣು, ಚೀಸು, ಬ್ರೆಡ್ಡು, ಸಕ್ಕರೆ ಬೆರೆಸಿದ ಬೇಯಿಸಿದ ಗೋಧಿ. ಎದ್ದು ತಿರುಗಿದಳು. ಎತ್ತರ ಅವಳ ಅಪ್ಪನದು. ನಡಿಗೆ ಯಾರದೂ ಅಲ್ಲ, ಅವಳದ್ದೇ. ಸ್ವಲ್ಪ ಹೊತ್ತು ನನ್ನನ್ನು ನೋಡಿದಳು. ಆಮೇಲೆ ತಟ್ಟೆಯಲ್ಲಿ ಗೋಧಿ ಹಾಕಿಕೊಂಡು ನೇರ ನನ್ನ ಹತ್ತಿರ ಬಂದಳು.

“ತಗೊಳ್ಳಿ ಚಿಕ್ಕಮ್ಮ, ನಮ್ಮಮ್ಮನ ಆತ್ಮಕ್ಕೆ.”

ಕೊಟ್ಟರೆ ಬೇಡ ಎನ್ನುವಂತಿಲ್ಲ. ತೆಗೆದುಕೊಂಡವರು, ಸತ್ತವರನ್ನು ದೇವರು ಕ್ಷಮಿಸಲಿ ಎಂದು ಹೇಳಿಯೇ ಬಾಯಿಗಿಡಬೇಕು, ಹೇಳದಿದ್ದರೆ ಅದು ಅವರಿಗೆ ಮುಟ್ಟುವುದಿಲ್ಲ. ನಾನು ಚಮಚವನ್ನು ಹಾಗೆಯೇ ಬಾಯಿಗೆ ಎತ್ತಿದೆ. ಅವಳು ಕದಲಲಿಲ್ಲ. “ಹೇಳಿ ಚಿಕ್ಕಮ್ಮ” ಎಂದಳು. ದೇವರು ಕ್ಷಮಿಸಲಿ ಎಂದು ಗೊಣಗಿದೆ. “ಹಂಗಲ್ಲ. ಹೆಸರು ಹಿಡಿದು ಹೇಳ್ಬೇಕು. ದಾಫಿನಾ ಅಂತ ಅವರ ಹೆಸರು.”

ಹೇಳಿದೆ. ದಾಫಿನಾಳನ್ನು ದೇವರು ಕ್ಷಮಿಸಲಿ. ನನ್ನ ಆತ್ಮಕ್ಕೆ ಬೇಯಿಸಿದ ಗೋಧಿಯನ್ನು ನನ್ನ ಮಗಳ ಕೈಯಿಂದ ತೆಗೆದುಕೊಂಡು ತಿಂದೆ. ನಾನು ಪೂರ್ತಿ ತಿನ್ನುವವರೆಗೂ ಅವಳು ನಿಂತಿದ್ದಳು, ಆಮೇಲೆ ಒಂದು ಹಿಡಿ ಚೆರ್ರಿಯನ್ನೂ ಕೊಟ್ಟಳು.

ಏನಾದರೂ ಮಾತಾಡಬೇಕಲ್ಲ ಎಂದು, ಈ ಕಲ್ಲು ಇಲ್ಲೇಕೆ, ಗಂಡನ ಮನೆಯವರದ್ದು ಬೇರೆ ಇರಬೇಕಲ್ಲ ಎಂದು ಕೇಳಿದೆ. “ಅಪ್ಪನ ಕಡೆ ಅಜ್ಜಿ ತಮ್ಮ ಕಲ್ಲಲ್ಲಿ ಜಾಗ ಕೊಡ್ಲಿಲ್ಲ. ಬದುಕಿದ್ದಾಗ ಮನೇಲಿ ಇರದೋಳಿಗೆ ಸತ್ತ ಮೇಲೆ ಯಾಕೆ ಜಾಗ ಅಂದ್ರು” ಎಂದು ನಗುತ್ತಲೇ ಹೇಳಿದಳು. ಆಮೇಲೆ ಅವಳೇ ವಿಚಾರಿಸಿದಳು, ರಜೆಗೆ ಬಂದಿದ್ದೀರಾ, ಎಲ್ಲಿ ಇಳಿದುಕೊಂಡಿದ್ದೀರಾ, ಎಷ್ಟು ಕೊಡುತ್ತಿದ್ದೀರಾ ಎಂದು. ಬಿಸೆರಾಳ ಹೆಸರು ಹೇಳಿದೆ. “ಅಯ್ಯೋ, ಆ ಮುದುಕಿ ಬೋಳಿಸ್ತಾಳೆ ನಿಮ್ಮನ್ನ. ನಾನೂ ಬಾಡಿಗೆಗೆ ಬಿಡ್ತೀನಿ. ಮೇಲಿನ ಕೋಣೆ, ಎರಡು ಮಂಚ, ಇನ್ನೂರೈವತ್ತೇ. ಸೋಮವಾರ ಹತ್ತು ಗಂಟೆಗೆ ಬಂದು ನೋಡಿ.”

ಆ ಮೇಲಿನ ಕೋಣೆ ನನ್ನದು. ರುಮೆನಾ ಹುಟ್ಟಿದ್ದು ಅಲ್ಲಿ. ಓಹ್ರಿದ್‌ನಲ್ಲಿ ಅದಕ್ಕಿಂತ ಅಗ್ಗದ ಕೋಣೆ ಇರಲಾರದು, ನೀನಾಗಿದ್ದರೆ ಅಲ್ಲಿಯೇ ಮುಂಗಡ ಕೊಟ್ಟುಬಿಡುತ್ತಿದ್ದೆ.

ಈಗ ಅಂಚೆ ಕಚೇರಿಯ ಎದುರಿನ ಬೆಂಚಿನಲ್ಲಿ ಕುಳಿತು ಬರೆಯುತ್ತಿದ್ದೇನೆ. ಸೋಮವಾರ ಬೆಳಿಗ್ಗೆ ಎಂಟಕ್ಕೆ ಸ್ಕೋಪ್ಯೆಗೆ ಬಸ್ಸಿದೆ. ಹತ್ತಿಬಿಟ್ಟರೆ ಅವಳಿಗೆ ಅಮ್ಮ ಸತ್ತವಳಾಗಿಯೇ ಉಳಿಯುತ್ತಾಳೆ, ಒಳ್ಳೆಯವಳಾಗಿ, ಚೆರ್ರಿ ಹಣ್ಣಿನ ಸಮೇತ. ಹತ್ತು ಗಂಟೆಗೆ ಆ ಮನೆಗೆ ಹೋದರೆ ನಾನೇ ನಿನ್ನಮ್ಮ ಎನ್ನಬೇಕು. ನಿಮ್ಮಪ್ಪ ನಿನಗೆ ಸುಳ್ಳು ಹೇಳಿದ, ಏಳು ವರ್ಷ ನೀನು ಅತ್ತದ್ದು ಖಾಲಿ ಕಲ್ಲಿಗೆ ಎನ್ನಬೇಕು. ಹಾಗೆ ಹೇಳುವ ಹಕ್ಕು ನನಗಿದೆಯೇ? ಯಾವುದು ಹೆಚ್ಚು ಕ್ರೌರ್ಯ, ನೀನೇ ಹೇಳು. ನಿನ್ನ ಉತ್ತರ ಬರುವಷ್ಟು ದಿನ ಇಲ್ಲ, ಆದರೂ ಕೇಳುತ್ತಿದ್ದೇನೆ.

ಊಟದ ವಿಷಯ ಮರೆತೆ. ಬೆಳಿಗ್ಗೆ ಚೀಸು ತುಂಬಿ ಬೇಯಿಸಿದ ಬುರೆಕ್ ಮತ್ತು ಮೊಸರು, ಅದು ಮಧ್ಯಾಹ್ನದವರೆಗೆ ಸಾಕು. ದೊಡ್ಡ ಮೀನು ಕೇಳಬೇಡ, ಅದು ಸಿರಿವಂತರಿಗೆ, ಹುರಿದ ಚಿಕ್ಕ ಮೀನು ತಿನ್ನೋಣ. ತಿನ್ನುವುದಾದರೆ.

ನಿನ್ನಿಂದ ಬೈಸಿಕೊಳ್ಳಲು ಸಿದ್ಧಳಾದ,
ದಾಫಿನಾ

ಮರೆತ ಮಾತು, ಸೋಮವಾರ, ಜೂನ್ ೧೬:

ಶನಿವಾರ ಮಧ್ಯಾಹ್ನವೇ ಅಂಚೆ ಕಚೇರಿ ಮುಚ್ಚಿತ್ತು, ಹಾಗಾಗಿ ಈ ಕಾಗದ ಇನ್ನೂ ನನ್ನ ಚೀಲದಲ್ಲೇ ಇತ್ತು. ಈಗ ಮೇಲಿನದನ್ನು ಓದಿಕೊಂಡೆ. ಹರಿದು ಬೇರೆ ಬರೆಯಬೇಕು ಅನ್ನಿಸಿತು. ಹರಿಯುವುದಿಲ್ಲ. ನಾನು ಎಂಥವಳೆಂದು ನಿನಗೆ ಗೊತ್ತಾಗಲಿ.

ಎಂಟರ ಬಸ್ಸು ಹತ್ತಲಿಲ್ಲ. ಹತ್ತಕ್ಕೆ ಸರಿಯಾಗಿ ಹೋದೆ. ರುಮೆನಾ ಬೇರೆ ಯಾವ ಪ್ರವಾಸಿಗೂ ತೋರಿಸುವಂತೆ ಕೋಣೆ ತೋರಿಸಿದಳು, ಇದು ದೀಪದ ಸ್ವಿಚ್ಚು, ಇದು ಟವೆಲ್ಲು, ಬಿಸಿನೀರು ಸಂಜೆ ಆರರ ಮೇಲೆ. ಕೆಳಗೆ ಅಡುಗೆಮನೆಯಲ್ಲಿ ಕೂರಿಸಿ ಕಾಫಿ ಕೊಟ್ಟಳು. ನಾನು ದಾರಿಯುದ್ದಕ್ಕೂ ಕಟ್ಟಿಕೊಂಡು ಬಂದಿದ್ದ ಮಾತು ಶುರುಮಾಡುವ ಮೊದಲೇ ಒಂದು ಬಿಸ್ಕತ್ತಿನ ಡಬ್ಬಿ ತಂದು ಮೇಜಿನ ಮೇಲಿಟ್ಟಳು. ಅದರ ತುಂಬ ನನ್ನ ಪತ್ರಗಳು. “ಇಪ್ಪತ್ತಾರಿವೆ. ಹದಿನೈದು ವರ್ಷ ಇದ್ದಾಗ ಸಿಕ್ತು. ಕೊನೇದು ತೊಂಬತ್ತೈದರ ಮಾರ್ಚಿದು. ಆಮೇಲಿಂದು ಎಲ್ಲಿ?” ಎಂದಳು.

ಅಲೆಂಕಾ, ಮೇಲೆ ನಿನಗೆ ಬರೆದದ್ದು ಸುಳ್ಳು. ನನ್ನ ಒಂದು ಪತ್ರವೂ ಹಿಂದಕ್ಕೆ ಬಂದಿಲ್ಲ. ಲಾಂಬೆ ಎಲ್ಲವನ್ನೂ ಒಡೆದು, ಓದಿ, ಜೋಡಿಸಿಟ್ಟಿದ್ದ. ಉತ್ತರವನ್ನೂ ಬರೆಯುತ್ತಿದ್ದ, ಬಾ ಎನ್ನುತ್ತಿದ್ದ. ಅವನು ಕೈ ಎತ್ತಿದವನಲ್ಲ, ಕುಡಿದವನಲ್ಲ. ಆ ಮಾರ್ಚಿನಲ್ಲಿ ನನ್ನ ಕೋಣೆಗೆ ಯಾರು ಬಂದು ಇರತೊಡಗಿದರು ಎಂದು ನಿನಗೆ ನೆನಪಿರಬೇಕು. ಮಿರಾನ್‌ಗೆ ನಾನು ಮಕ್ಕಳಿಲ್ಲ ಎಂದು ಹೇಳಿದ್ದೆ. ಮಕ್ಕಳಿಲ್ಲದವಳು ಯಾರಿಗೆ ಪತ್ರ ಬರೆಯುತ್ತಾಳೆ? ನಿಲ್ಲಿಸಿದೆ. ಅವನು ಎರಡು ವರ್ಷಕ್ಕೆ ಬಿಟ್ಟುಹೋದ. ಅಷ್ಟರಲ್ಲಿ ನಿಲ್ಲಿಸಿದ್ದನ್ನು ಮತ್ತೆ ಶುರುಮಾಡಲು ಮುಖವಿರಲಿಲ್ಲ.

ರುಮೆನಾಳಿಗೆ ಇದನ್ನೇ ಹೇಳಿದೆ. ಅವಳು ಅಳಲಿಲ್ಲ. “ನಿಮ್ಮಮ್ಮ ಯಾವನ ಜೊತೆಗೋ ಓಡಿಹೋದ್ಲು ಅಂತ ಶಾಲೇಲಿ ಆಡ್ಕೊಳ್ತಿದ್ರು. ಒಂದಿನ ಅಳ್ತಾ ಬಂದು, ನಾನು ಇನ್ಮೇಲೆ ಶಾಲೆಗೆ ಹೋಗಲ್ಲ ಅಂದೆ. ಅದಾದ ವಾರಕ್ಕೆ ಕಂಬದ ಮೇಲೆ ನಿಮ್ಮ ಫೋಟೋ ಇತ್ತು. ಆಮೇಲೆ ಯಾರೂ ಆಡ್ಕೊಳ್ಲಿಲ್ಲ, ಟೀಚರ್ರು ಮಿಠಾಯಿ ಕೊಟ್ರು” ಎಂದಳು. ಲಾಂಬೆ ನನ್ನನ್ನು ಸಾಯಿಸಿದ್ದು ತನ್ನ ಮದುವೆಗಲ್ಲ. ಅವನು ಮದುವೆಯಾಗಿದ್ದು ಮೂರು ವರ್ಷದ ನಂತರ. ನಾನು ಅವನ ಬಗ್ಗೆ ಹಾಕಿದ್ದ ಲೆಕ್ಕವೂ ಸುಳ್ಳಾಯಿತು.

ಡಬ್ಬಿ ಸಿಕ್ಕ ದಿನವೇ ಅವಳು ಅಪ್ಪನನ್ನು ಕೇಳಿ, ನಾನು ಸತ್ತಿಲ್ಲವೆಂದು ತಿಳಿದುಕೊಂಡಿದ್ದಳಂತೆ. ಗೊತ್ತಾದ ಮೇಲೂ ಕಾಗದ ಏಕೆ ಅಂಟಿಸುತ್ತಿದ್ದೆ ಎಂದು ಕೇಳಿದೆ. “ಬರೆಯೋದು ನಿಲ್ಲಿಸಿದೋಳ ಮಗಳಾಗಿರೋದಕ್ಕಿಂತ ಸತ್ತೋಳ ಮಗಳಾಗಿರೋದು ಸುಲಭ” ಎಂದಳು. ಶನಿವಾರ ನನ್ನನ್ನು ಯಾವಾಗ ಗುರುತು ಹಿಡಿದಳೆಂಬುದನ್ನು ಅವಳೇ ಹೇಳಿದಳು. “ಏಳು ವರ್ಷದಿಂದ ಆ ಮುಖದ ಮೇಲಿನ ಧೂಳು ಒರೆಸಿದ್ದೀನಿ. ನೋಡಿದ ಕೂಡ್ಲೇ ಗೊತ್ತಾಯ್ತು. ದೇವರ ಕ್ಷಮೆ ಬೇರೆಯವರ ಬಾಯಲ್ಲಿ ನಿಮಗಾಗಿ ಎಷ್ಟೋ ಸಲ ಕೇಳಿಸಿದ್ದೆ. ನಿಮ್ಮ ಬಾಯಿಂದಲೇ ಒಂದ್ಸಲ ಕೇಳಿಸೋಣ ಅಂತ ತಟ್ಟೆ ತಂದೆ.”

ಅವಳು ಕಾಫಿಯ ಲೋಟ ತೊಳೆಯುತ್ತ, ಕೋಣೆ ಬೇಕೋ ಬೇಡವೋ ಎಂದು ಕೇಳಿದಳು. ಅವಳ ಷರತ್ತು ಇಷ್ಟು, ನೀನು ಬರುವ ಇಪ್ಪತ್ತೊಂದರಿಂದ ಹತ್ತು ದಿನ, ಮುಂಗಡ ಎಲ್ಲರಂತೆಯೇ, ಊರಿನವರಿಗೆ ನಾನು ಸ್ಲೊವೇನಿಯಾದಿಂದ ಗೆಳತಿಯೊಂದಿಗೆ ಬಂದ ಪ್ರವಾಸಿ. ನಾನು ಒಪ್ಪಿದೆ. ಅಮ್ಮ ಎಂದು ಅವಳು ಒಮ್ಮೆಯೂ ಕರೆಯಲಿಲ್ಲ, ಚಿಕ್ಕಮ್ಮ ಎನ್ನುವುದನ್ನೂ ನಿಲ್ಲಿಸಿದ್ದಾಳೆ. ಅಲೆಂಕಾ, ದಯವಿಟ್ಟು ಬಾ. ನನ್ನ ಮೇಲಿನ ಸಿಟ್ಟನ್ನೂ ಚೀಲದಲ್ಲಿ ಹಾಕಿಕೊಂಡೇ ಬಾ, ಆದರೆ ಬಾ. ಆ ಮನೆಯಲ್ಲಿ ಒಬ್ಬಳೇ ಅತಿಥಿಯಾಗಿರಲು ನನ್ನಿಂದಾಗದು.

ಹೊರಡುವಾಗ ಬಾಗಿಲಲ್ಲಿ ನಿಂತು, ಬರುವ ವರ್ಷವೂ ಕಂಬಕ್ಕೆ ನನ್ನ ಕಾಗದ ಅಂಟಿಸುತ್ತೀಯಾ ಎಂದು ಕೇಳಿದೆ.

“ನೀವು ವಾಪಸ್ ಹೋದ್ಮೇಲೆ ಪತ್ರ ಬರೀತೀರೋ ಇಲ್ವೋ ನೋಡ್ತೀನಿ” ಎಂದಳು. “ಆಮೇಲೆ ಹೇಳ್ತೀನಿ.”